ನೂರಕ್ಕೆ ನೂರೈವತ್ತೇಳೂವರೆ

ಅಯ್ಯಾವು ಆ ದಿನ ಪಟ್ಟ ಪಾಡಿಗೆಲ್ಲ ಕಾರಣ ಮೂರಕ್ಷರದ ಒಂದು ಮಾತು. ಅದನ್ನು ಬರೆಸಿದವನು ಶತ್ರುವಲ್ಲ, ದಾಯಾದಿಯಲ್ಲ, ಸ್ವತಃ ಅಯ್ಯಾವುವೇ.

ಮೂರು ವರ್ಷದ ಹಿಂದೆ ಅವನ ಒಬ್ಬಳೇ ಮಗಳು ಸುಬ್ಬುಲಕ್ಷ್ಮಿಯ ಮದುವೆ ಹನುಮಂತನಪಟ್ಟಿಯಲ್ಲಿ ನಡೆದಾಗ, ಹೆಂಡತಿ ರಾಜಮ್ಮಾಳಿನ ಅಣ್ಣ ಕಾಳಿಮುತ್ತು ಸಿಲೋನಿನ ಹಟ್ಟನ್ ಊರಿನಿಂದ ಬಂದಿಳಿದಿದ್ದ. ಅಲ್ಲಿ ಅವನದು ದಿನಸಿ ಅಂಗಡಿ. ಬಂದವನು ಚಪ್ಪರದ ಕೆಳಗೆ ಊರೆಲ್ಲ ನೋಡುವಂತೆ ಇನ್ನೂರ ಒಂದು ರೂಪಾಯಿ ಮುಯ್ಯಿ ಮಾಡಿದ. ನೋಟುಗಳು ಸಿಲೋನಿನವು, ಗರಿಗರಿಯಾಗಿದ್ದವು. ಮುಯ್ಯಿ ಬರೆಯಲು ಕುಳಿತಿದ್ದ ಶಾಲೆಯ ಮೇಷ್ಟ್ರು ಜೆಯರಾಜ್ ವಾತ್ಯಾರರು ‘ಕಾಳಿಮುತ್ತು, 201’ ಎಂದಷ್ಟೇ ಗೀಚಿ ಮುಂದಿನವನ ಕಡೆ ಕೈ ಚಾಚಿದರು. ಹೆಣ್ಣಿನ ತಂದೆಗೆ ಅಷ್ಟು ಸಾಲಲಿಲ್ಲ. “ವಾತ್ಯಾರೇ, ಸಿಲೋನ್ ರೂಪಾಯಿ ಅಂತ ಬರೀರಿ. ನಾಳೆ ಓದಿದೋರ್ಗೆ ತಿಳೀಬೇಕು” ಎಂದ. ವಾತ್ಯಾರರು ಬರೆದರು.

ಆಗ ಸಿಲೋನ್ ರೂಪಾಯಿಗೂ ನಮ್ಮ ರೂಪಾಯಿಗೂ ಒಂದು ಪೈಸೆಯ ವ್ಯತ್ಯಾಸವೂ ಇರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅದೂ ಒಂದೇ, ಇದೂ ಒಂದೇ. ದಿಂಡಿಗಲ್ಲಿನಲ್ಲಿ ಸಿಲೋನಿಗೆ ಬೀಗ ಕಳಿಸುತ್ತಿದ್ದ ವ್ಯಾಪಾರಿಯೊಬ್ಬ ಮಾತ್ರ ಆ ನೋಟುಗಳನ್ನು ತಿರುವಿ ಮುರುವಿ ನೋಡಿ, ಕೈಖರ್ಚೆಂದು ಹನ್ನೊಂದು ರೂಪಾಯಿ ಮುರಿದುಕೊಂಡು ನೂರತೊಂಬತ್ತು ಎಣಿಸಿದ್ದ. ಅದನ್ನು ಅಯ್ಯಾವು ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಮೂರಕ್ಷರದ ಅಂದ ಕೆಡುತ್ತಿತ್ತು.

ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ಮುಯ್ಯಿ ಎಂದರೆ ಇಷ್ಟಪಟ್ಟು ಕೊಟ್ಟು ಮರೆತುಬಿಡುವ ಉಡುಗೊರೆಯಲ್ಲ. ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಪುಸ್ತಕ ತೆಗೆದು ನೋಡಿ, ಅಷ್ಟನ್ನು, ಅದರ ಮೇಲೆ ಚೂರು ಸೇರಿಸಿ, ತಿರುಗಿಸಬೇಕು. ಅಯ್ಯಾವುವಿನ ಜನರ ಮನೆಮಾತು ಕನ್ನಡ, ಬರಹ ತಮಿಳು, ಆದರೆ ಈ ವಿಷಯದಲ್ಲಿ ಎರಡು ಭಾಷೆಯೂ ಒಂದೇ ದನಿಯಲ್ಲಿ ಮಾತಾಡುತ್ತವೆ. ಅಯ್ಯಾವು ಮೂರು ವರ್ಷದಿಂದ ತಿರುಗಿಸುತ್ತಲೇ ಇದ್ದ. ದ್ರಾಕ್ಷಿ ಮಾರಿದ ದುಡ್ಡು ಯಾರದೋ ಮಗುವಿನ ಕಿವಿಗೆ, ಯಾರದೋ ಮಗಳ ಧಾರೆಗೆ ಹೋಗುತ್ತಿತ್ತು. ಪುಸ್ತಕದಲ್ಲಿದ್ದ ಎಂಬತ್ತಮೂರು ಹೆಸರುಗಳಲ್ಲಿ ಎಂಬತ್ತೆರಡಕ್ಕೆ ಗೀಟು ಎಳೆದಾಗಿತ್ತು. ಉಳಿದದ್ದು ಒಂದೇ, ಕಾಳಿಮುತ್ತುವಿನದು. ಇನ್ನು ತನ್ನ ಮನೆಯಲ್ಲಿ ಕಾರ್ಯವಿಲ್ಲ, ಮಗಳ ಮದುವೆ ಮುಗಿದಿದೆ. ಈ ಒಂದು ಸಾಲಿಗೆ ಗೀಟು ಎಳೆದರೆ ಯಾರಿಗೂ ಏನೂ ಕೊಡಬೇಕಿಲ್ಲದ ಮನುಷ್ಯನಾಗಿ ತಿಣ್ಣೆಯ ಮೇಲೆ ಕಾಲು ಚಾಚಬಹುದು. ಅಯ್ಯಾವುವಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಅಷ್ಟೇ.

ಕಾಳಿಮುತ್ತು ಎರಡು ತಿಂಗಳ ಹಿಂದೆ ಹಟ್ಟನ್ನಿನ ಅಂಗಡಿ ಮಾರಿ, ಕುಟುಂಬ ಕಟ್ಟಿಕೊಂಡು ಮಾರ್ಕಯನ್‌ಕೋಟ್ಟೈಗೆ ಬಂದು ನೆಲೆಸಿದ್ದ. ಅವನ ಮೊಮ್ಮಗನ ಕಿವಿ ಚುಚ್ಚುವ ಕಾರ್ಯ ಅರವತ್ತಾರನೇ ಇಸವಿಯ ಜೂನ್ ತಿಂಗಳ ಆ ಗುರುವಾರ. ಅಯ್ಯಾವು ಇನ್ನೂರ ಹನ್ನೊಂದು ರೂಪಾಯಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿ, ಬೆಳಿಗ್ಗೆ ಏಳಕ್ಕೆಲ್ಲ ಬಿಳಿ ಅಂಗಿ ತೊಟ್ಟು ನಿಂತಿದ್ದ. ಆಗ ಬಂದರು ಜೆಯರಾಜ್ ವಾತ್ಯಾರರು, ಕಂಕುಳಲ್ಲಿ ಚಾ ಅಂಗಡಿಯ ಪತ್ರಿಕೆ.

“ಎಷ್ಟು ಕಟ್ಟಿದೀಯ ಅಯ್ಯಾವು?”

“ಇನ್ನೂರ ಹನ್ನೊಂದು ವಾತ್ಯಾರೇ. ಅವ್ರದು ಇನ್ನೂರ ಒಂದು, ಮೇಲೆ ಹತ್ತು.”

“ಪುಸ್ತಕ ತೆಗಿ. ನನ್ ಕೈಬರಹಾನೇ ಅದು. ಏನಂತ ಬರ್ದಿದೀನಿ, ಓದು.”

ಅಯ್ಯಾವು ಓದಿದ. ಓದಿದವನ ಮುಖದಲ್ಲಿ ಏನೂ ಕಾಣಲಿಲ್ಲ, ಅವನಿಗೆ ಏನೂ ಹೊಳೆದಿರಲಿಲ್ಲ. ಸರ್ಕಾರ ರೂಪಾಯಿಯ ಬೆಲೆ ಇಳಿಸಿದೆ ಎಂದು ಮೂರು ದಿನದಿಂದ ಊರೆಲ್ಲ ಮಾತಾಡುತ್ತಿತ್ತು. ಅದು ಡೆಲ್ಲಿಯವರ ತಾಪತ್ರಯ, ತನ್ನ ದ್ರಾಕ್ಷಿ ಚಪ್ಪರಕ್ಕೆ ಸಂಬಂಧವಿಲ್ಲ ಎಂದುಕೊಂಡಿದ್ದ.

ವಾತ್ಯಾರರು ತಿಣ್ಣೆಯ ಮೇಲೆ ಕುಳಿತು, ಇದ್ದಿಲ ಚೂರು ತೆಗೆದುಕೊಂಡು ಗೋಡೆಯ ಮೇಲೆಯೇ ಲೆಕ್ಕ ಹಾಕಿದರು. “ನೋಡು, ಹೋದ ವಾರದವರೆಗೂ ಒಂದ್ ಅಮೇರಿಕಾ ಡಾಲರ್ಗೆ ನಮ್ದು ನಾಲ್ಕು ರೂಪಾಯಿ ಎಪ್ಪತ್ತಾರು ಪೈಸೆ. ಸಿಲೋನೋರ್ದೂ ಅಷ್ಟೇ. ಸೋಮವಾರದಿಂದ ನಮ್ದು ಏಳೂವರೆ. ಅವ್ರು ಇಳಿಸ್ಲಿಲ್ಲ, ಹಂಗೇ ನಿಂತವ್ರೆ. ಅಂದ್ರೆ ನೂರು ಸಿಲೋನ್ ರೂಪಾಯಿಗೆ ನಮ್ದು ನೂರೈವತ್ತೇಳೂವರೆ. ನಿಂದು ಇನ್ನೂರ ಒಂದು. ಆಯ್ತಾ? ಮುನ್ನೂರ ಹದಿನಾರು ರೂಪಾಯಿ ಐವತ್ತೇಳೂವರೆ ಪೈಸೆ.”

ಆ ಅರ್ಧ ಪೈಸೆ ಕೇಳಿ ಅಯ್ಯಾವುವಿಗೆ ನಿಜವಾಗಿ ಹೆದರಿಕೆಯಾಯಿತು. ಅರ್ಧ ಪೈಸೆಯವರೆಗೂ ಹೋದ ಲೆಕ್ಕ ಸುಳ್ಳಾಗಿರಲು ಸಾಧ್ಯವಿಲ್ಲ.

ಎದುರು ಮನೆಯ ಗೋವಿಂದನ್ ಹಲ್ಲುಜ್ಜುತ್ತಲೇ ದಾಟಿ ಬಂದ. ಆಡು ಕೊಂಡು ಮಾರುವವನು, ಯಾವ ಮಾತಿಗೂ ತಡೆಯಿಲ್ಲದವನು. “ಏನ್ ವಾತ್ಯಾರೇ ಇದು? ರೂಪಾಯಿ ಅಂದ್ರೆ ರೂಪಾಯಿ. ನಿನ್ನೆ ನೂರು ಪೈಸೆ ಇತ್ತು, ಇವತ್ತೂ ನೂರು ಪೈಸೇನೇ. ಅದೆಂಗೆ ಬಿದ್ದೋಗುತ್ತೆ?”

“ನಿಂಗೆ ತಿಳಿಯಲ್ಲ, ಬಾಯ್ ತೊಳ್ಕೋ ಹೋಗು” ಎಂದರು ವಾತ್ಯಾರರು.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಮುದುಕಿ ಮುನಿಯಮ್ಮಾಳ್ ಕೋಲೂರಿಕೊಂಡು ಬಂದು ಗೋಡೆಯ ಲೆಕ್ಕವನ್ನು ಓದಲು ಬಾರದಿದ್ದರೂ ಮೇಲಿಂದ ಕೆಳಗೆ ನೋಡಿದಳು. “ಅರ್ಧಂಬರ್ಧ ಪೈಸೆ ಇಟ್ಟು ಮೊಯ್ ಮಾಡ್ತಾರಾ? ಮುನ್ನೂರ ಹದಿನೇಳು ಮಾಡು. ಮೇಲೆ ಒಂದು ಇಡು, ಹದಿನೆಂಟು. ಅಯ್ಯೋ, ಎಂಟು ಬೇಡಪ್ಪಾ, ಆಗ್ಬರಲ್ಲ. ಒಂದ್ರಲ್ಲಿ ಮುಗೀಬೇಕು. ಮುನ್ನೂರ ಇಪ್ಪತ್ತೊಂದು ಮಾಡ್ಬಿಡು.”

ಹೀಗೆ ಕಾಲು ಗಂಟೆಯೊಳಗೆ ಅಯ್ಯಾವುವಿನ ಮುಯ್ಯಿ ನೂರ ಹತ್ತು ರೂಪಾಯಿ ಬೆಳೆಯಿತು. ಅವನು, “ಮಚ್ಚಾನ್ ಹಂಗೆಲ್ಲ ಲೆಕ್ಕ ನೋಡೋ ಆಳಲ್ಲ” ಎಂದು ಹೆಂಡತಿಯ ಅಣ್ಣನ ಪರ ಮಾತಾಡಿದ.

ಒಳಗಿನಿಂದ ರಾಜಮ್ಮಾಳ್ ಬಂದಳು. ಅವಳ ಕಣ್ಣಲ್ಲಿ ಆಗಲೇ ನೀರು. “ಅಣ್ಣ ನೋಡಲ್ಲ. ಅತ್ತಿಗೆ ನೋಡಲ್ವಾ? ಅವ್ರ ಕಡೆ ಜನ ನೋಡಲ್ವಾ? ಮೈಕಲ್ಲಿ ಕೂಗ್ತಾರೆ. ಸಿಲೋನ್ ರೂಪಾಯಿ ಈಸ್ಕೊಂಡು ಇಂಡಿಯಾ ರೂಪಾಯಿ ತಿರುಗ್ಸಿದ್ರು ಅಂತ ನನ್ ತವರುಮನೇಲಿ ನಾನು ಹೆಂಗೆ ತಲೆ ಎತ್ಲಿ? ಅದನ್ನ ಬರ್ಸಿದೋರು ಯಾರು, ನಾನಾ?”

ಅಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಮಾರ್ಕಯನ್‌ಕೋಟ್ಟೈಗೆ ಹೊರಟ ಗಾಡಿ ಬಂತು. ರಾಜಮ್ಮಾಳ್ ಹಣ್ಣಿನ ತಟ್ಟೆ ಮಡಿಲಲ್ಲಿಟ್ಟುಕೊಂಡು ಹತ್ತಿ ಕುಳಿತಳು. ಗಾಡಿ ಕದಲಿದ ಮೇಲೆ ತಿರುಗಿ, “ಮುನ್ನೂರ ಇಪ್ಪತ್ತೊಂದು ಇದ್ರೆ ಬನ್ನಿ. ಇಲ್ದಿದ್ರೆ ಹೊಟ್ಟೆನೋವು ಅಂತ ನಾನೇ ಹೇಳ್ಕೋತೀನಿ” ಎಂದಳು.

ಅಯ್ಯಾವುವಿನ ಹತ್ತಿರ ಮಾರುವಂಥದ್ದು ಎಂದರೆ ಎರಡು ಆಡು. ಗೋವಿಂದನ್ ಇನ್ನೂ ಅಲ್ಲೇ ನಿಂತಿದ್ದ, ಬಾಯಿ ತೊಳೆದು ಬಂದಿದ್ದ. ಆಡುಗಳ ಬೆನ್ನು ಒತ್ತಿ ನೋಡಿ, “ಎರಡಕ್ಕೂ ಸೇರಿ ಅರವತ್ತು” ಎಂದ.

“ಹೋದ ತಿಂಗ್ಳು ನೀನೇ ಎಪ್ಪತ್ತೈದಕ್ಕೆ ಕೇಳಿದ್ದೆ!”

“ಆಗ ಕೊಡ್ಲಿಲ್ವಲ್ಲ.”

ಅಯ್ಯಾವುವಿಗೆ ಬೆಳಗಿನ ಪಾಠ ನೆನಪಾಯಿತು. “ಗೋವಿಂದಾ, ರೂಪಾಯಿ ಬಿದ್ದೋಗಿದೆ ಕಣಪ್ಪಾ. ನೂರಕ್ಕೆ ನೂರೈವತ್ತೇಳೂವರೆ. ಆ ಲೆಕ್ಕದಲ್ಲಿ ನನ್ ಆಡಿನ ಬೆಲೆ ಏರ್ಬೇಕಲ್ವಾ?”

“ಏರ್ಬೇಕು. ನಿನ್ ಆಡು ಸಿಲೋನಲ್ಲಿ ಮೇದಿದ್ರೆ ಏರ್ತಿತ್ತು. ಇದು ಹನುಮಂತನಪಟ್ಟಿ ಹುಲ್ಲು ತಿಂದಿದ್ದು” ಎಂದು ಗೋವಿಂದನ್ ಅರವತ್ತು ರೂಪಾಯಿ ಎಣಿಸಿ ಕೈಗಿಟ್ಟು, ಹಗ್ಗ ಹಿಡಿದುಕೊಂಡು ನಡೆದ. ಆಡುಗಳು ಹಿಂತಿರುಗಿಯೂ ನೋಡಲಿಲ್ಲ. ಅಯ್ಯಾವುವಿಗೆ ಅದು ಸ್ವಲ್ಪ ನೋಯಿತು.

ಇನ್ನೂ ಐವತ್ತು ಬೇಕು. ಚಿನ್ನಮನೂರಿನ ಬಸ್ಸು ಬಂದಾಗ ಗಂಟೆ ಹತ್ತೂವರೆ. ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ “ಉಳ್ಳೆ ಪೋ, ಉಳ್ಳೆ ಪೋ” ಎಂದು ಬೆನ್ನಿಗೆ ಕೈ ಕೊಟ್ಟು ಒಳಗೆ ತುರುಕಿದ. ತುರುಕಿದ ಜಾಗದಲ್ಲಿ ಕಿಟಕಿಯ ಪಕ್ಕ ಕಾಲ ಬುಡದಲ್ಲಿ ಬೀಗದ ಚೀಲವಿಟ್ಟುಕೊಂಡು ಕುಳಿತವನನ್ನು ಅಯ್ಯಾವು ಕೂಡಲೇ ಗುರುತಿಸಿದ. ದಿಂಡಿಗಲ್ಲಿನ ಅದೇ ವ್ಯಾಪಾರಿ. ಮೂರು ವರ್ಷದ ಹಿಂದೆ ಹನ್ನೊಂದು ರೂಪಾಯಿ ಮುರಿದುಕೊಂಡವನು.

ಅಯ್ಯಾವುವಿನ ಮನಸ್ಸಿನಲ್ಲಿ ಸಣ್ಣದೊಂದು ಆಸೆ ಎದ್ದಿತು. ಸಿಲೋನಿನ ಜೊತೆ ವ್ಯವಹಾರ ಮಾಡುವವನು ಇವನು. ವಾತ್ಯಾರರಿಗಿಂತ ಇವನಿಗೆ ಹೆಚ್ಚು ಗೊತ್ತು. ಇವನು “ಅದೆಲ್ಲ ಸುಳ್ಳು” ಎಂದುಬಿಟ್ಟರೆ ಸಾಕು, ಆಡು ಹೋದರೂ ಐವತ್ತು ಉಳಿಯುತ್ತದೆ. ತಮಿಳಿನಲ್ಲಿ ಯೋಗಕ್ಷೇಮ ವಿಚಾರಿಸಿ, ಸಿಲೋನ್ ರೂಪಾಯಿ ಈಗ ಹೇಗಿದೆ ಎಂದು ಕೇಳಿದ.

ವ್ಯಾಪಾರಿ ಕಣ್ಣು ಕಿರಿದು ಮಾಡಿದ. “ಕೊಡೋದಕ್ಕಾ, ತಗೊಳ್ಳೋದಕ್ಕಾ?” ಎಂದು ತಮಿಳಿನಲ್ಲಿಯೇ ಕೇಳಿದ.

“ಏನ್ ವ್ಯತ್ಯಾಸ?”

“ನೀವು ನನಗೆ ಸಿಲೋನ್ ನೋಟು ಕೊಡೋದಾದ್ರೆ ನೂರಕ್ಕೆ ತೊಂಬತ್ತೈದು, ಹಳೇ ಪರಿಚಯ ಅಂತ. ನನ್ನ ಹತ್ತಿರ ತಗೊಳ್ಳೋದಾದ್ರೆ ನೂರ ಎಪ್ಪತ್ತು.”

“ನಾನು ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ. ಒಬ್ರಿಗೆ ತಿರುಗ್ಸಬೇಕು.”

“ಹಾಗಾದ್ರೆ ಅವ್ರು ಎಷ್ಟು ಕೇಳ್ತಾರೋ ಅದೇ ರೇಟು” ಎಂದು ವ್ಯಾಪಾರಿ ಕಿಟಕಿಯ ಕಡೆ ತಿರುಗಿದ. ಹಿಂದಿನ ಸೀಟಿನವನು ನೂರ ಐವತ್ತೇಳೂವರೆಯೇ ಸರಿ ಎಂದ. ಮುಂದಿನವನು ಇಲ್ಲ, ನೂರಕ್ಕೆ ಮೂವತ್ತಾರೂವರೆ ಮಾತ್ರ ಇಳಿದಿದೆ, ಪತ್ರಿಕೆಯಲ್ಲಿ ಹಾಗೇ ಇದೆ ಎಂದ. ಇಬ್ಬರೂ ಹೇಳುತ್ತಿದ್ದದ್ದು ಒಂದೇ ಸಂಗತಿಯನ್ನು ಎರಡು ಬದಿಯಿಂದ ಎಂದು ತಿಳಿದವರು ಬಸ್ಸಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಚಿನ್ನಮನೂರಿನವರೆಗೂ ಜಗಳವಾಯಿತು. ಕೇಳಿ ಕೇಳಿ ಆ ಲೆಕ್ಕ ಅಯ್ಯಾವುವಿಗೆ ಬಾಯಿಪಾಠವಾಗಿ ಹೋಯಿತು. ಕಂಡಕ್ಟರ್ ಚೀಟಿ ಕೊಡುತ್ತಾ ಎಷ್ಟು ಎಂದರೂ ಮನಸ್ಸು ತಾನಾಗಿ ಅದನ್ನು ಒಂದೂವರೆಯಿಂದ ಗುಣಿಸಿ ಮೇಲೆ ಏಳೂವರೆ ಪೈಸೆ ಸೇರಿಸುತ್ತಿತ್ತು.

ಚಿನ್ನಮನೂರಿನಲ್ಲಿ ಇಳಿದವನಿಗೆ ಉಳಿದದ್ದು ಬೆರಳಿನ ಉಂಗುರ. ಮದುವೆಯಲ್ಲಿ ಮಾವ ಹಾಕಿದ್ದು, ಅಂದಿನಿಂದ ತೆಗೆದಿರಲಿಲ್ಲ. ಅಡವಿನ ಅಂಗಡಿಯವನು ಅದನ್ನು ತೂಕಕ್ಕೆ ಹಾಕಬೇಕೆಂದರೆ ಅದು ಬೆರಳಿನಿಂದ ಬರಲೊಲ್ಲದು. ಇಪ್ಪತ್ತೆರಡು ವರ್ಷದಲ್ಲಿ ಅಯ್ಯಾವುವಿನ ಮೈಯಲ್ಲಿ ದಪ್ಪವಾದದ್ದು ಅದೊಂದೇ ಬೆರಳು. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು. ಕೊನೆಗೆ ಅಂಗಡಿಯವನು ಮುಂದಿನಿಂದ, ಅವನ ಗುಮಾಸ್ತ ಅಯ್ಯಾವುವಿನ ಸೊಂಟ ಹಿಡಿದು ಹಿಂದಿನಿಂದ ಎಳೆದರು. ಉಂಗುರ ಬಂತು. ಅದರ ಜೊತೆ ಸ್ವಲ್ಪ ತೊಗಲೂ ಬಂತು. ಐವತ್ತು ರೂಪಾಯಿ ಎಣಿಸಿಕೊಂಡ ಅಯ್ಯಾವು ಬೋಳು ಬೆರಳನ್ನು ನೋಡಿಕೊಂಡ. ಇರಲಿ, ಇದೊಂದು ದಿನ ಕಳೆದರೆ ಮುಗಿಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮಾರ್ಕಯನ್‌ಕೋಟ್ಟೈ ಬಸ್ಸು ಆಗಲೇ ಹೋಗಿತ್ತು. ಮೂರು ಮೈಲಿ ಬಿಸಿಲಿನಲ್ಲಿ ನಡೆದ. ಎರಡೂ ಬದಿಯಲ್ಲಿ ಗದ್ದೆ, ಗದ್ದೆಯಲ್ಲಿ ನೀರು, ನೀರಿನಲ್ಲಿ ಬಿಸಿಲು. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಅರ್ಧ ಲೋಟ ಕಾಫಿ. ದೂರದಿಂದ ನಾಗಸ್ವರ ಕೇಳಿದಾಗ ಅವನಿಗೆ ನೆನಪಾದದ್ದು ಮೊಮ್ಮಗುವಿನ ಕಿವಿಯಲ್ಲ, ಎಲೆಯ ತುದಿಗೆ ಬಡಿಸುವ ಪಾಯಸ.

ಬಾಗಿಲಲ್ಲಿ ಚಂದನದ ಬಟ್ಟಲು ಹಿಡಿದು ನಿಂತಿದ್ದವನು ಕಾಳಿಮುತ್ತುವಿನ ಮಗ, ಮಗುವಿನ ತಂದೆ ಸೇಕರ್. ಅಯ್ಯಾವುವನ್ನು ಕಂಡವನೇ ತೋಳು ಹಿಡಿದು ಪಕ್ಕಕ್ಕೆ ಎಳೆದ. “ಮಾಮಾ, ಮೊಯ್ ಎಷ್ಟು ಮಾಡ್ತೀರಾ?”

ಹೀಗೆ ಯಾರಾದರೂ ಕೇಳುವುದುಂಟೆ? ಅಯ್ಯಾವು ಬೆರಗಾದ.

“ಇನ್ನೂರ ಒಂದು ಸಾಕು ಮಾಮಾ. ಜಾಸ್ತಿ ಬೇಡ. ಅಪ್ಪನ ಹತ್ರ ದುಡ್ಡಿನ ಮಾತೇ ಎತ್ಬೇಡಿ. ಆಮೇಲೆ ಹೇಳ್ತೀನಿ.” ಅಷ್ಟರಲ್ಲಿ ಕಂಬಂ ಕಡೆಯ ನೆಂಟರು ಬಂದರು, ಸೇಕರ್ ಅವರಿಗೆ ಚಂದನ ಕೊಡಲು ತಿರುಗಿದ.

ಅಯ್ಯಾವುವಿನ ಕಿವಿ ಬಿಸಿಯಾಯಿತು. ಬಡವನೆಂದಲ್ಲವೇ ಇವನು ಹೀಗೆ ಹೇಳಿದ್ದು? ಎರಡು ಆಡು, ಒಂದು ಉಂಗುರ, ಮೂರು ಮೈಲಿ ಬಿಸಿಲು, ಇಷ್ಟಾದ ಮೇಲೆ ಈ ಹುಡುಗನ ಕನಿಕರ ಬೇರೆ. ಅವನು ಊಟದ ಸಾಲಿನ ಕಡೆ ನೋಡದೆ ನೇರವಾಗಿ ಮುಯ್ಯಿ ಬರೆಯುವ ಮೇಜಿಗೆ ಹೋಗಿ, ಸೊಂಟದಿಂದ ನೋಟುಗಳನ್ನು ತೆಗೆದು ಒಂದೊಂದಾಗಿ ಎಣಿಸಿದ. ಬರೆಯುವವನು ಎರಡು ಸಲ ಎಣಿಸಿ, ಮೈಕಿನ ಹತ್ತಿರ ಬಾಯಿಟ್ಟು ಕೂಗಿದ.

“ಹನುಮಂತನಪಟ್ಟಿ ಅಯ್ಯಾವು, ಮುನ್ನೂತ್ತಿ ಇರುಬತ್ತೊಣ್ಣು ರೂಬಾ!”

ಚಪ್ಪರದಲ್ಲಿ ಗುಜುಗುಜು ಎದ್ದಿತು. ಹೆಂಗಸರ ಸಾಲಿನಲ್ಲಿ ರಾಜಮ್ಮಾಳ್ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಗಂಡನನ್ನು ಅವಳು ಹಾಗೆ ನೋಡಿದ್ದು ಅದೇ ಮೊದಲು. ಅಯ್ಯಾವುವಿನ ದಣಿವೆಲ್ಲ ಒಂದು ಗಳಿಗೆ ಇಳಿದು ಹೋಯಿತು. ಮುಗಿಯಿತು, ಎಂಬತ್ತಮೂರನೆಯ ಗೀಟು ಎಂದುಕೊಂಡ.

ಕಾಳಿಮುತ್ತು ಜನರನ್ನು ಬಿರಬಿರನೆ ದಾಟಿಕೊಂಡು ಬಂದ. ದೊಡ್ಡ ಮೈಯ, ದೊಡ್ಡ ಮನಸ್ಸಿನ ಮನುಷ್ಯ. “ಏನ್ ಮಾಪ್ಳೆ ಇದು? ನಾನ್ ಮಾಡಿದ್ದು ಇನ್ನೂರ ಒಂದಲ್ವಾ? ಇಷ್ಟ್ಯಾಕೆ?” ಎಂದು ತಂಗಿಯ ಗಂಡನನ್ನು ಅಪ್ಪಿಕೊಂಡ. ಅವನ ಕಣ್ಣು ತುಂಬಿತ್ತು.

“ಪ್ರೀತಿಗೆ ಮಚ್ಚಾನ್” ಎಂದಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಊಟಕ್ಕೆ ಕೂರಿಸುತ್ತಿದ್ದರು, ಎರಡು ಸಲ ಪಾಯಸ ಬಡಿಸುತ್ತಿದ್ದರು. ಆದರೆ ಬೆಳಗಿನಿಂದ ಹೊತ್ತು ತಂದ ಲೆಕ್ಕವನ್ನು ಇಳಿಸದೆ ಅಯ್ಯಾವುವಿಗೆ ಸಮಾಧಾನವಿರಲಿಲ್ಲ. ತಾನು ನ್ಯಾಯವಾಗಿ ನಡೆದುಕೊಂಡಿದ್ದು ನಾಲ್ಕು ಜನಕ್ಕೆ ತಿಳಿಯಲಿ ಎಂಬ ಆಸೆಯೂ ಇತ್ತು.

“ಜಾಸ್ತಿ ಏನಿಲ್ಲ ಮಚ್ಚಾನ್. ನೀವ್ ಮಾಡಿದ್ದು ಸಿಲೋನ್ ರೂಪಾಯಿ. ಸೋಮವಾರದಿಂದ ನಮ್ ರೂಪಾಯಿ ಇಳಿದಿದೆಯಲ್ಲ. ಈಗ ನೂರು ಸಿಲೋನ್ ರೂಪಾಯಿಗೆ ನಮ್ದು ನೂರೈವತ್ತೇಳೂವರೆ. ಆ ಲೆಕ್ಕ ಹಾಕಿ ತಂದಿದೀನಿ.”

ಮೈಕು ಪಕ್ಕದಲ್ಲೇ ಇತ್ತು. ಅಯ್ಯಾವುವಿನ ಮಾತು ಹುಣಸೆಮರಕ್ಕೆ ಕಟ್ಟಿದ ದೊಡ್ಡ ಕೊಳವೆಯಿಂದ ಊರಿಗೆಲ್ಲ ಕೇಳಿತು. ಕಾಳಿಮುತ್ತುವಿನ ಅಪ್ಪುಗೆ ಸಡಿಲವಾಯಿತು.

“ಎಂದಿನಿಂದ ಅಂದೆ?”

“ಸೋಮವಾರದಿಂದ.”

“ಸೋಮವಾರದಿಂದ ನೂರಕ್ಕೆ ನೂರೈವತ್ತೇಳೂವರೆ.” ಕಾಳಿಮುತ್ತು ನಿಧಾನವಾಗಿ ಬೆರಳು ಮಡಿಚಿದ. “ನಾನ್ ಅಂಗಡಿ ಮಾರಿದ್ ದುಡ್ಡು ಹನ್ನೆರಡ್ ಸಾವಿರ. ಸಮಕ್ಕೆ ಸಮ ಇಂಡಿಯಾ ದುಡ್ಡು ಮಾಡ್ಕೊಂಡಿದ್ದು ಹೋದ ತಿಂಗ್ಳು ಇಪ್ಪತ್ತನೇ ತಾರೀಕು. ಮಾಪ್ಳೆ, ಅಂದ್ರೆ ಹದಿನೇಳ್ ದಿನ ತಡೆದಿದ್ರೆ?”

ಅಯ್ಯಾವು ಕೆಟ್ಟದ್ದನ್ನು ಬಯಸಿದವನಲ್ಲ. ಆದರೆ ಆ ಲೆಕ್ಕ ಬಸ್ಸಿನಿಂದಲೂ ನಾಲಗೆಯ ಮೇಲೆಯೇ ಕುಳಿತಿತ್ತು. “ಹದಿನೆಂಟು ಸಾವಿರದ ಒಂಬೈನೂರು ಸಿಕ್ತಿತ್ತು ಮಚ್ಚಾನ್. ಆರು ಸಾವಿರದ ಒಂಬೈನೂರು ಹೋಯ್ತು” ಎಂದುಬಿಟ್ಟ. ಕೊಳವೆ ಅದನ್ನೂ ಊರಿಗೆ ಹೇಳಿತು.

ಕಾಳಿಮುತ್ತು ಮುಯ್ಯಿ ಮೇಜಿನ ಮೇಲೆ ಕುಳಿತ. ಮೇಜು ಮುರಿಯಿತು. ನಾಗಸ್ವರದವನು ಉಸಿರು ಬಿಟ್ಟ ಜಾಗದಲ್ಲೇ ನಿಲ್ಲಿಸಿದ. ನಾಲ್ಕು ಜನ ಅವನನ್ನು ಹೊತ್ತು ಜಗಲಿಯ ಮೇಲೆ ಮಲಗಿಸಿ, ಎದೆ ತಿಕ್ಕಿ, ಹಣೆಗೆ ಒದ್ದೆ ಬಟ್ಟೆ ಹಾಕಿದರು.

ಕಾಳಿಮುತ್ತುವಿನ ಹೆಂಡತಿ ಪಾಪಮ್ಮಾಳ್ ಅಯ್ಯಾವುವಿನ ಮುಂದೆ ಬಂದು ನಿಂತಳು. “ಅಣ್ಣಾ! ನಾಲ್ಕ್ ದಿನದಿಂದ ಈ ಮನುಷ್ಯಂಗೆ ತಿಳೀದಂಗೆ ಕಾಪಾಡಿದೀನಿ. ರೇಡಿಯೋ ಬ್ಯಾಟರಿ ಬಾವಿಗ್ ಹಾಕ್ದೆ. ಪೇಪರ್ನಲ್ಲಿ ಒಲೆ ಹಚ್ಚಿಸ್ದೆ. ಕ್ಷೌರದವನ ಕೈಗೆ ಎರಡ್ ರೂಪಾಯಿ ಕೊಟ್ಟು ಬಾಯ್ ಮುಚ್ಚಿಸ್ದೆ. ಊರಿಗ್ ಊರೇ ಗೊತ್ತಿದ್ದು ಸುಮ್ನಿತ್ತು. ಮೊಮ್ಮಗನ ಕಿವಿ ಚುಚ್ಚಿ ಮುಗೀಲಿ, ಆಮೇಲೆ ಮೆಲ್ಲಗೆ ಹೇಳೋಣ ಅಂತ. ನೀವ್ ಮೈಕಲ್ಲಿ ಹೇಳಿದ್ರಲ್ಲಾ!”

ಅಯ್ಯಾವು ಸೇಕರನ ಕಡೆ ನೋಡಿದ. ಸೇಕರ್ ಚಂದನದ ಬಟ್ಟಲಿನೊಳಗೆ ನೋಡುತ್ತಿದ್ದ. ರಾಜಮ್ಮಾಳಿನ ಕಡೆ ನೋಡಿದ.

“ನಿಮ್ಗೆ ಯಾರ್ ಹೇಳಿದ್ದು ಮುನ್ನೂರ ಇಪ್ಪತ್ತೊಂದ್ ತರೋಕೆ? ಎಲ್ರಂಗೆ ಇನ್ನೂರ ಹನ್ನೊಂದು ತಂದಿದ್ರೆ ಆಗ್ತಿರ್ಲಿಲ್ವಾ?” ಎಂದಳು ರಾಜಮ್ಮಾಳ್. ಆಮೇಲೆ ಅವನ ಬೆರಳು ನೋಡಿ, “ಅಪ್ಪ ಹಾಕಿದ್ ಉಂಗ್ರ ಎಲ್ಲಿ?” ಎಂದು ಗ್ರಾಮಫೋನಿನಂತೆ ಅಳಲು ಶುರುಮಾಡಿದಳು.

ಅಯ್ಯಾವು ಕಂಬಕ್ಕೆ ಒರಗಿ ನಿಂತ. ಅತ್ತರೆ ಅಳುವವರ ಗುಂಪಿಗೆ ಸೇರಬಹುದಿತ್ತು, ಆದರೆ ಅದಕ್ಕೂ ತ್ರಾಣ ಬೇಕು. ಅವನ ಸುತ್ತ ನಿಂತಿದ್ದ ನೆಂಟರಲ್ಲಿ ಕೆಲವರ ಮುಖ ಬೇರೆ ರೀತಿಯಲ್ಲಿ ಕೆಟ್ಟಿರುವುದು ಅವನಿಗೆ ಆಗ ಕಂಡಿತು. ಅವರು ಅಯ್ಯಾವುವನ್ನು ಹಲ್ಲು ಕಚ್ಚಿ ನೋಡುತ್ತಾ, ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿಯುತ್ತಿದ್ದರು. ಹಟ್ಟನ್ನಿನಿಂದ ಊರಿಗೆ ಬಂದಾಗಲೆಲ್ಲ ಕಾಳಿಮುತ್ತು ಯಾರ ಮನೆಯ ಕಾರ್ಯಕ್ಕೂ ತಪ್ಪಿಸಿಕೊಂಡವನಲ್ಲ, ಸಿಲೋನ್ ನೋಟಲ್ಲದೆ ಬೇರೆ ನೋಟು ಇಟ್ಟವನೂ ಅಲ್ಲ.

ಇದು ಮಲಗಿದ್ದ ಕಾಳಿಮುತ್ತುವಿಗೂ ಅದೇ ಗಳಿಗೆಯಲ್ಲಿ ಹೊಳೆಯಿತು. ಅವನು ಒದ್ದೆ ಬಟ್ಟೆ ಕಿತ್ತೆಸೆದು ಎದ್ದು ಕುಳಿತ. “ಪೆಟ್ಟಿಗೆಯಿಂದ ಮೊಯ್ ಪುಸ್ತಕ ತಾ” ಎಂದ. ತಂದರು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. ಮುಖಕ್ಕೆ ರಕ್ತ ಮೆಲ್ಲಗೆ ಹಿಂತಿರುಗಿತು.

“ಮಾಪ್ಳೆ, ಇಲ್ಲಿ ಬಾ. ನಿನ್ನ ಬಿಟ್ಟು ಹದಿನಾಲ್ಕು ಮನೆ. ಹದಿನಾಲ್ಕು ಮನೇಲೂ ನಾನ್ ಸಿಲೋನ್ ದುಡ್ಡು ಮಾಡಿದೀನಿ. ಎಲ್ರೂ ಇವತ್ತು ಇಂಡಿಯಾ ದುಡ್ಡು ಎಣಿಸಿಟ್ಟು, ಊಟಕ್ ಕೂತ್ರು. ನೂರಕ್ಕೆ ಐವತ್ತೇಳೂವರೆ ಬಾಕಿ ಅಂತ ಒಬ್ನೂ ಬಾಯಿಬಿಡ್ಲಿಲ್ಲ. ನ್ಯಾಯವಾಗಿ ನಡ್ಕೊಂಡೋನು ನೀನೊಬ್ನೇ.”

ಬೆಳಗಿನಿಂದ ಅಯ್ಯಾವುವಿನ ಬಗ್ಗೆ ಯಾರಾದರೂ ಆಡಿದ ಮೊದಲ ಒಳ್ಳೆಯ ಮಾತು ಅದು.

“ಅದಕ್ಕೇ ಈ ಪುಸ್ತಕ ನಿನ್ ಕೈಲೇ ಇರ್ಲಿ. ಆ ಕಡೆ ಪೆರಿಯಕುಳಂನಿಂದ ಈ ಕಡೆ ಕಂಬಂವರ್ಗೂ ಮನೆ ಮನೆಗೆ ಹೋಗಿ, ಲೆಕ್ಕ ಹೇಳಿ ಬಾಕಿ ತಗೊಂಡ್ ಬಾ.”

“ನಾನಾ? ಮಚ್ಚಾನ್, ನಂದು ಇವತ್ತಿಗೆ ಎಲ್ಲಾ ಮುಗೀತು ಅಂತಲ್ವಾ… ಸೇಕರ್ ಇದಾನಲ್ಲ, ಅವನು ಹೋಗ್ಲಿ.”

“ಸೇಕರ್ ಹೋದ್ರೆ ಕೇಳೋಕ್ ಬಂದ ಅಂತಾರೆ. ನೀನ್ ಹೋದ್ರೆ, ಕೊಟ್ಟೋನೇ ಬಂದವ್ನೆ ಅಂತಾರೆ. ನಿನ್ ಮುಂದೆ ಯಾರ್ ಇಲ್ಲ ಅಂತಾರೆ?”

ಉಂಗುರಕ್ಕಾಗಿ ಅಳುತ್ತಿದ್ದ ರಾಜಮ್ಮಾಳ್ ಈಗ ಕಣ್ಣೊರೆಸಿಕೊಂಡು ಮುಂದೆ ಬಂದಳು. ತವರಿನ ಜನರ ಎದುರು ಅವಳ ದನಿ ಮತ್ತೆ ಗಟ್ಟಿಯಾಗಿತ್ತು. “ಹೋಗ್ತಾರೆ ಅಣ್ಣಾ. ಮನೇಲ್ ಅವ್ರಿಗೇನ್ ಕೆಲ್ಸ? ಕಾಯೋಕೆ ಆಡು ಕೂಡ ಇಲ್ಲ ಈಗ.” ಗೋವಿಂದನ್ ಆಡು ಹೊಡೆದುಕೊಂಡು ಹೋದ ಸುದ್ದಿ ಅಯ್ಯಾವುವಿಗಿಂತ ಮೊದಲೇ ಮಾರ್ಕಯನ್‌ಕೋಟ್ಟೈ ತಲುಪಿತ್ತು.

“ಹಾಗಿದ್ರೆ ಒಂದ್ ತುತ್ತು ಊಟ ಮಾಡಿ…” ಎಂದ ಅಯ್ಯಾವು.

“ಊಟ ಎಲ್ಲೋಗುತ್ತೆ ಮಾಪ್ಳೆ? ಮೊದ್ಲು ಬಾಗ್ಲಲ್ಲಿ ಜಾರ್ಕೋತಾ ಇರೋರ್ನ ಹಿಡಿ! ಹದಿನಾಲ್ಕ್ ಜನಾನೂ ಇಲ್ಲೇ ಸಿಕ್ಕಿದ್ರೆ ಬಸ್ ಖರ್ಚು ಉಳಿಯುತ್ತೆ!”

ಅಯ್ಯಾವು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದ. ಚಂದನದ ಬಟ್ಟಲ ಹತ್ತಿರ ಒಬ್ಬರೂ ಇರಲಿಲ್ಲ. ದೂರದ ರಸ್ತೆಯಲ್ಲಿ ಮೊಣಕಾಲಿನ ಮೇಲಕ್ಕೆತ್ತಿದ ಬಿಳಿ ಪಂಚೆಗಳು ಚಿನ್ನಮನೂರಿನ ಕಡೆ ಓಡುತ್ತಿದ್ದವು. ಹಿಂದೆ ಹೋಗೋಣವೆಂದು ಕೆಳಗೆ ನೋಡಿದ. ಅವಸರದಲ್ಲಿ ಅವರಲ್ಲೊಬ್ಬ ಇವನ ಚಪ್ಪಲಿಯನ್ನು ಮೆಟ್ಟಿಕೊಂಡು ಹೋಗಿದ್ದ.